ಕಂಪ್ಯೂಟರಿಗೆ ಚದುರಂಗ ಕಲಿಸಿದ ಅಲನ್ ಟ್ಯೂರಿಂಗ್

ಗೆಳೆಯರೇ, ಮೊಬೈಲಿನಲ್ಲಿ ಚದುರಂಗ ಆಡುವಾಗ ಎದುರಿಗೆ ಯಾರೂ ಇರೋದಿಲ್ಲ. ಆದರೂ ಎದುರು ಕಾಯಿಗಳು ತಾವೇ ನಡೆಯುತ್ತವೆ. ಇಂಥ ಆಟದ ಬಗ್ಗೆ ಮೊಟ್ಟಮೊದಲು ಯೋಚಿಸಿದವರಲ್ಲಿ ಅಲನ್ ಟ್ಯೂರಿಂಗ್ ಒಬ್ಬರು. ಅವರ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿಯ ತಂದೆ ರೈಲ್ವೆ ಎಂಜಿನಿಯರ್. ನಮ್ಮ ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದವರು. ತಂದೆ ಇಂಡಿಯಾದಲ್ಲಿ ಇದ್ದುದರಿಂದ ಬಾಲಕ ಅಲನ್ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು.

1936ರಲ್ಲಿ ಅವರು ಒಂದು ಲೇಖನ ಬರೆದರು. ಕೊಟ್ಟ ನಿಯಮದಂತೆ ಒಂದೊಂದೇ ಚಿಹ್ನೆ ಓದಿ, ಬರೆದು, ಅಳಿಸುವ ಯಂತ್ರವೊಂದನ್ನು ಅದರಲ್ಲಿ ಕಲ್ಪಿಸಿದ್ದರು. ಇಂದಿನ ಕಂಪ್ಯೂಟರಿನ ಬೇರು ಇದೇ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಕೆಲಸ ಮಾಡಿ, ಜರ್ಮನರ ಎನಿಗ್ಮಾ ಗುಪ್ತಸಂದೇಶಗಳನ್ನು ಬಿಡಿಸಲು ನೆರವಾದರು.

ಅಲ್ಲಿ ಅವರ ಸೈಕಲ್ ಚೈನು ಪದೇ ಪದೇ ಕಳಚಿಕೊಳ್ತಿತ್ತಂತೆ. ಎಷ್ಟು ಸುತ್ತಿಗೆ ಕಳಚುತ್ತೆ ಅಂತ ಎಣಿಸಿಟ್ಟುಕೊಂಡು, ಆ ಹೊತ್ತಿಗೆ ಸರಿಯಾಗಿ ಸರಿಪಡಿಸಿಕೊಂಡು ಮುಂದೆ ಹೋಗ್ತಿದ್ದರಂತೆ!

ನನಗೆ ತುಂಬಾ ಹಿಡಿಸಿದ್ದು ಅವರ ಚದುರಂಗ. 1948ರಲ್ಲಿ ಗೆಳೆಯ ಚಾಂಪರ್‌ನೌನ್ ಜೊತೆ ಸೇರಿ ಯಂತ್ರ ಆಡುವಂಥ ನಿಯಮಗಳನ್ನು ರಚಿಸಿದರು. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ ಮೂರೂವರೆ, ಆನೆಗೆ 5, ಮಂತ್ರಿಗೆ 10 ಅಂಕ. ಯಾವ ನಡೆಯಿಂದ ಹೆಚ್ಚು ಲಾಭವೋ ಅದನ್ನೇ ಆಡಬೇಕು. ಆದರೆ ಇದನ್ನು ನಡೆಸುವಂಥ ಕಂಪ್ಯೂಟರ್ ಕೈಗೆ ಸಿಗಲಿಲ್ಲ. ಅದಕ್ಕೆ ಏನು ಮಾಡಿದರು ಗೊತ್ತಾ? ತಾವೇ ಕಂಪ್ಯೂಟರ್ ಆದರು! 1952ರಲ್ಲಿ ಕಾಗದ ಪೆನ್ಸಿಲ್ ಹಿಡಿದು, ಒಂದೊಂದು ನಡೆಗೂ ಸುಮಾರು ಅರ್ಧ ಗಂಟೆ ಲೆಕ್ಕ ಹಾಕಿ, ಅಲಿಕ್ ಗ್ಲೆನಿ ಎಂಬುವರ ಎದುರು ಆಡಿದರು. 29 ನಡೆಗಳಲ್ಲಿ ಕಾಗದದ ಯಂತ್ರ ಸೋತಿತು. ಸೋತರೂ ದಾರಿ ತೆರೆಯಿತು.

ಅದೇ 1952ರಲ್ಲಿ ಅವರಿಗೆ ಕೇಡು ಬಂತು. ಗಂಡಸು ಇನ್ನೊಬ್ಬ ಗಂಡಸನ್ನು ಪ್ರೀತಿಸುವುದು ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧ. ಅದಕ್ಕಾಗಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಜೈಲಿನ ಬದಲು ಮೈ ಕೆಡಿಸುವ ಔಷಧಿ ಕೊಟ್ಟರು. ಗುಪ್ತಲಿಪಿಯ ಕೆಲಸದಿಂದಲೂ ದೂರ ಇಟ್ಟರು. ದೇಶ ಉಳಿಸಲು ದುಡಿದವರಿಗೆ ದೇಶ ಕೊಟ್ಟ ಬಹುಮಾನ ಇದು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ವಿಷದಿಂದ ತೀರಿಕೊಂಡರು.

2009ರಲ್ಲಿ ಅಲ್ಲಿನ ಪ್ರಧಾನಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಆ ಅಪರಾಧವನ್ನು ಮನ್ನಾ ಮಾಡಿದರು. 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಬಂತು. ಇಷ್ಟೆಲ್ಲ ಆದದ್ದು ಅವರು ಹೋದ ಮೇಲೆ. ಬದುಕಿದ್ದಾಗಲೇ ಮನುಷ್ಯನನ್ನು ಮನುಷ್ಯನಂತೆ ಕಂಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಗೆಳೆಯರೇ, ನಮ್ಮ ಹತ್ತಿರ ಕಂಪ್ಯೂಟರ್ ಇಲ್ಲದಿದ್ದರೆ ಏನಂತೆ? ಹುಲಿ-ಕುರಿ ಆಟದಲ್ಲಿ ಹುಲಿ ಯಾವಾಗ ಎಲ್ಲಿಗೆ ಹಾರಬೇಕು ಅಂತ ನಿಯಮ ಬರೆಯಿರಿ. ಆ ಚೀಟಿ ನೋಡಿಕೊಂಡೇ ಹುಲಿ ನಡೆಸಿ. ಗೆಲ್ಲುತ್ತೋ ಸೋಲುತ್ತೋ ನೋಡೋಣ!