ಒಲಿಂಪಿಕ್ಸ್‌ನಲ್ಲಿ ಆಡಿದ್ದು ಯಾವ ಬೋರ್? ಫುಟ್‌ಬಾಲ್ ಆಟಗಾರ ಗಣಿತಜ್ಞನಾದ ಕಥೆ

ನೊಬೆಲ್ ಪಡೆದ ವಿಜ್ಞಾನಿ ನೀಲ್ಸ್ ಬೋರ್ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಪದಕ ಗೆದ್ದಿದ್ದರು ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ಅರ್ಧ ಸತ್ಯ. ನೀಲ್ಸ್ ಒಂದು ಕ್ಲಬ್‌ನಲ್ಲಿ ಗೋಲ್‌ಕೀಪರ್ ಆಗಿದ್ದದ್ದು ನಿಜ. ಆದರೆ ದೇಶದ ತಂಡಕ್ಕೆ ಆಡಿ ಪದಕ ಗೆದ್ದವರು ಅವರ ತಮ್ಮ ಹರಾಲ್ಡ್ ಬೋರ್.

ಹರಾಲ್ಡ್ ಹುಟ್ಟಿದ್ದು 1887ರಲ್ಲಿ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ. ತಂದೆ ಕ್ರಿಶ್ಚಿಯನ್ ಬೋರ್ ಶರೀರಶಾಸ್ತ್ರದ ಪ್ರೊಫೆಸರ್. ದುಡಿಯುವ ಸ್ನಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ರಕ್ತ ಅಲ್ಲಿ ಹೆಚ್ಚು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ ಎಂದು ತೋರಿಸಿದವರು ಇವರೇ. ಇಂಥ ಮನೆಯಲ್ಲಿ ಆಟ ಮತ್ತು ಪಾಠ ಒಂದಕ್ಕೊಂದು ಶತ್ರುಗಳಾಗಿರಲಿಲ್ಲ.

ಅಣ್ಣ ತಮ್ಮ ಇಬ್ಬರೂ ಆಡಿದ್ದು ವಿದ್ಯಾರ್ಥಿಗಳ ಕ್ಲಬ್ ಆಗಿದ್ದ ಅಕಾಡೆಮಿಸ್ಕ್ ಬೋಲ್ಡ್‌ಕ್ಲಬ್‌ನಲ್ಲಿ. ಅಂದರೆ ಅಂದಿನ ಕೋಪನ್‌ಹೇಗನ್‌ನಲ್ಲಿ ಫುಟ್‌ಬಾಲ್ ಎಂದರೆ ಓದು ಬಾರದವರ ಆಟ ಎಂಬ ಅರ್ಥವಿರಲಿಲ್ಲ.

1908ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಹರಾಲ್ಡ್‌ಗೆ 21 ವರ್ಷ. ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ಫ್ರಾನ್ಸನ್ನು 17-1ರಿಂದ ಸೋಲಿಸಿತು. ಫೈನಲ್‌ನಲ್ಲಿ ಬ್ರಿಟನ್ ಎದುರು 0-2ರಿಂದ ಸೋತು ಬೆಳ್ಳಿ ಪಡೆಯಿತು. ಇದಾಗಿ ಎರಡೇ ವರ್ಷಕ್ಕೆ, 1910ರಲ್ಲಿ, ಹರಾಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆ ದಿನ ಸಭಾಂಗಣದಲ್ಲಿ ಗಣಿತಜ್ಞರಿಗಿಂತ ಫುಟ್‌ಬಾಲ್ ಅಭಿಮಾನಿಗಳೇ ಹೆಚ್ಚಿದ್ದರು ಎಂಬ ಪ್ರತೀತಿ ಇದೆ.

ಮುಂದೆ ಅವರು ಪ್ರೊಫೆಸರ್ ಆದರು. ತದ್ರೂಪವಾಗಿ ಅಲ್ಲದಿದ್ದರೂ ಹೆಚ್ಚುಕಡಿಮೆ ಹಿಂದಿನಂತೆಯೇ ಮತ್ತೆ ಮತ್ತೆ ಬರುವ ಏರಿಳಿತಗಳ ಗಣಿತವನ್ನು ಕಟ್ಟಿದರು. 1933ರ ನಂತರ ನಾಜಿ ಆಡಳಿತದಿಂದ ಕೆಲಸ ಕಳೆದುಕೊಂಡ ಜರ್ಮನಿಯ ಗಣಿತಜ್ಞರಿಗೆ ಬೇರೆ ದೇಶಗಳಲ್ಲಿ ನೆಲೆ ಹುಡುಕಿಕೊಟ್ಟರು. ತಾಯಿ ಯಹೂದಿ ಮನೆತನದವರಾದ್ದರಿಂದ 1943ರಲ್ಲಿ ಸ್ವತಃ ಹರಾಲ್ಡ್ ಸ್ವೀಡನ್‌ಗೆ ತಪ್ಪಿಸಿಕೊಂಡು ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ, 1951ರಲ್ಲಿ ತೀರಿಕೊಂಡರು.

ಹಾಗಾದರೆ ಫುಟ್‌ಬಾಲ್ ಆಡಿದರೆ ಗಣಿತ ಬರುತ್ತದೆಯೇ? ಒಬ್ಬರ ಜೀವನದಿಂದ ಅದು ಸಾಬೀತಾಗುವುದಿಲ್ಲ. ಯಾರಾದರೂ ಹಾಗೆ ಬರೆದು ಕಳಿಸಿದರೆ ನಂಬಬೇಡಿ. ಆದರೆ ಆಡುವ ಹುಡುಗ ಓದಲಾರ ಎಂಬ ಮಾತು ಬೇರೆ. ಯಾರೊಬ್ಬರೂ ಓದಲಾರರು ಎಂದು ಹೇಳುವ ಆ ಮಾತನ್ನು ಸುಳ್ಳು ಮಾಡಲು ಒಂದೇ ಒಂದು ಉದಾಹರಣೆ ಸಾಕು. ಹರಾಲ್ಡ್ ಆ ಉದಾಹರಣೆ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬಂತೆಂದರೆ ಮೊದಲು ಅಟ್ಟ ಸೇರುವುದು ಬ್ಯಾಟು, ಚೆಂಡು. ಓದುವ ಹುಡುಗಿಗೆ ಓಟ ಯಾಕೆ, ಆಡುವ ಹುಡುಗನಿಗೆ ವಿಜ್ಞಾನ ಯಾಕೆ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಪರೀಕ್ಷೆಗೆ ಸಮಯ ಹೊಂದಿಸಿಕೊಳ್ಳುವುದು ಬೇರೆ, ಮಗುವಿನ ಹಣೆಗೆ ಚೀಟಿ ಅಂಟಿಸುವುದು ಬೇರೆ. ಹರಾಲ್ಡ್‌ಗೆ ಅಂಥ ಚೀಟಿಯನ್ನು ಯಾರೂ ಅಂಟಿಸಲಿಲ್ಲ.

ಈ ಕಥೆಯನ್ನು ಫಾರ್ವರ್ಡ್ ಮಾಡುವುದಾದರೆ ಮಾಡಿ. ಹೆಸರು ಮಾತ್ರ ಸರಿಯಾಗಿರಲಿ: ನೀಲ್ಸ್ ಅಲ್ಲ, ಹರಾಲ್ಡ್.