ಬೈಂಡಿಂಗ್ ಅಂಗಡಿಯಿಂದ ಬಂದ ಫ್ಯಾರಡೆ

ನಮ್ಮಲ್ಲಿ ಯಾವ ಬ್ರಾಂಚಿನವರೇ ಆಗಲಿ, ಫ್ಯಾರಡೆಯ ಹೆಸರು ಕೇಳದೆ ಮೊದಲನೇ ವರ್ಷ ದಾಟಲ್ಲ. ನಿಯಮ ಬರೆಯಿರಿ, ಸಮೀಕರಣ ಬರೆಯಿರಿ, ಅದರಲ್ಲಿ ಮೈನಸ್ ಚಿಹ್ನೆ ಯಾಕೆ ಬಂತು ವಿವರಿಸಿ. ಇಷ್ಟಕ್ಕೆ ಅವನ ಕತೆ ಮುಗಿಯುತ್ತೆ. ತಮಾಷೆ ಅಂದ್ರೆ, ಅವನ ಹೆಸರಲ್ಲಿ ನಾವು ಬಾಯಿಪಾಠ ಮಾಡುವ ಆ ಸಮೀಕರಣವನ್ನು ಫ್ಯಾರಡೆ ಬರೆದೇ ಇಲ್ಲ. ಬರೆಯೋಕೆ ಅವನಿಗೆ ಬರುತ್ತಲೂ ಇರಲಿಲ್ಲ. ಕ್ಯಾಲ್ಕುಲಸ್ ಗೊತ್ತಿರಲಿಲ್ಲ, ಬೀಜಗಣಿತವೂ ಅಷ್ಟಕ್ಕಷ್ಟೇ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ನಿಮ್ಮ ಸ್ಟ್ರೆಂತ್ ಏನು, ವೀಕ್‌ನೆಸ್ ಏನು ಅಂತ ಕೇಳ್ತಾರಲ್ಲ, ಅದಕ್ಕೆ ನಾವೆಲ್ಲ ಒಂದೇ ಥರದ ಉತ್ತರ ಉರು ಹೊಡೆದುಕೊಂಡು ಹೋಗ್ತೀವಿ. ಆ ಪ್ರಶ್ನೆಯನ್ನು ನಿಜವಾಗಿ ತನಗೆ ತಾನೇ ಕೇಳಿಕೊಂಡು, ಬಂದ ಉತ್ತರದ ಪ್ರಕಾರ ಬದುಕಿದ ಒಬ್ಬ ಮನುಷ್ಯ ಸಿಕ್ಕಿದರೆ ಹೇಗಿರುತ್ತೆ ಅಂತ ಯೋಚಿಸುವಾಗ ನನಗೆ ಇವನ ನೆನಪು ಬರುತ್ತೆ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಕಮ್ಮಾರ, ಅದೂ ಕಾಯಿಲೆಯ ಮನುಷ್ಯ. ಎಷ್ಟೋ ದಿನ ಕೆಲಸಕ್ಕೆ ಹೋಗೋಕೇ ಆಗುತ್ತಿರಲಿಲ್ಲ. ಕಾಳಿನ ಬೆಲೆ ವಿಪರೀತ ಏರಿದ್ದ ಒಂದು ವರ್ಷ, ಒಂದು ಇಡೀ ಬ್ರೆಡ್ಡನ್ನು ಕೈಗೆ ಕೊಟ್ಟು ವಾರವೆಲ್ಲ ಅದರಲ್ಲೇ ಸುಧಾರಿಸಿಕೋ ಅಂದಿದ್ದರಂತೆ. ಓದು ಬರಹ, ಒಂದಿಷ್ಟು ಲೆಕ್ಕ ಬಂದ ಕೂಡಲೇ ಶಾಲೆ ಮುಗಿಯಿತು. 13ನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬಾತನ ಪುಸ್ತಕದಂಗಡಿಯಲ್ಲಿ ಓಡಾಟದ ಹುಡುಗನಾಗಿ ಸೇರಿದ. ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕುವುದು, ಓದಿ ಮುಗಿಸಿದವರಿಂದ ಅದನ್ನೇ ವಾಪಸ್ ತಂದು ಮುಂದಿನ ಮನೆಗೆ ಕೊಡುವುದು. ಮರುವರ್ಷ ರೀಬೋ ಅವನನ್ನು ಬೈಂಡಿಂಗ್ ಕಲಿಯೋಕೆ 7 ವರ್ಷದ ಒಪ್ಪಂದದ ಮೇಲೆ ಇಟ್ಟುಕೊಂಡ. ಕಸುಬು ಕಲಿಸೋಕೆ ಆಗಿನ ಕಾಲದಲ್ಲಿ ಹುಡುಗನ ಮನೆಯವರೇ ಯಜಮಾನನಿಗೆ ದುಡ್ಡು ಕೊಡಬೇಕಿತ್ತು. ಹುಡುಗ ನಿಯತ್ತಿನವನು ಅಂತ ರೀಬೋ ಅದನ್ನು ಬಿಟ್ಟುಕೊಟ್ಟ.

ಈ 7 ವರ್ಷವನ್ನು ಜೀವನಚರಿತ್ರೆಗಳು ಬೇಗ ದಾಟಿಬಿಡುತ್ತವೆ. ಬಡ ಹುಡುಗ, ಕಷ್ಟ, ಆಮೇಲೆ ವಿಜ್ಞಾನಿ, ಹೀಗೆ. ನನಗೇನೋ ಎಲ್ಲ ಅಲ್ಲೇ ಇದೆ ಅನ್ನಿಸುತ್ತೆ. ಬೈಂಡಿಂಗ್ ಅಂದ್ರೆ ಏನು? ಹಾಳೆಗಳನ್ನು ಮಡಚಿ, ಕ್ರಮ ತಪ್ಪದಂತೆ ಜೋಡಿಸಿ, ನೂಲಿನಿಂದ ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿ, ರಟ್ಟು ಕಟ್ಟುವುದು. ಬೆರಳು ಒಂಚೂರು ತಪ್ಪಿದರೂ ಪುಸ್ತಕ ಸೊಟ್ಟಗಾಗುತ್ತೆ. ಫ್ಯಾರಡೆಗೆ ಈ ಕೆಲಸ ಚೆನ್ನಾಗಿ ಒಗ್ಗಿತು. ಆದರೆ ಅಲ್ಲಿ ಅವನಿಗೆ ಇನ್ನೊಂದು ವಿಷಯ ಗೊತ್ತಾಯಿತು. ರಟ್ಟು ಕಟ್ಟೋಕೆ ಬಂದ ಪುಸ್ತಕಗಳನ್ನು ಬಿಚ್ಚಿ ಓದುವಾಗ ಕೆಲವು ಪುಟ ಅವನನ್ನು ಹಿಡಿದು ಕೂರಿಸುತ್ತಿದ್ದವು: ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ, ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನಶಾಸ್ತ್ರದ ಪುಸ್ತಕ. ಓದಿದ್ದು ನಿಜವೋ ಅಲ್ಲವೋ ಅಂತ ಮಾಡಿ ನೋಡದೆ ಅವನಿಗೆ ಸಮಾಧಾನವಿಲ್ಲ. ಅರ್ಧ ಪೆನ್ನಿಯ ತಾಮ್ರದ ನಾಣ್ಯಗಳು, ಅದೇ ಅಳತೆಗೆ ಕತ್ತರಿಸಿದ ಸತುವಿನ 7 ಬಿಲ್ಲೆಗಳು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದ. ಇಷ್ಟರಲ್ಲೇ ಒಂದು ಬ್ಯಾಟರಿ ಮಾಡಿ, ಅದರಿಂದ ಲವಣದ ದ್ರಾವಣವನ್ನು ವಿಭಜಿಸಿ ನೋಡಿ, ಆ ಖುಷಿಯನ್ನು ಗೆಳೆಯನಿಗೆ ಪತ್ರದಲ್ಲಿ ಬರೆದ.

ಊರಲ್ಲಿ ಸಂಜೆ ಹೊತ್ತು ಟೇಟಮ್ ಎಂಬುವರು ವಿಜ್ಞಾನದ ಉಪನ್ಯಾಸ ಮಾಡುತ್ತಿದ್ದರು. ತಲೆಗೆ 1 ಶಿಲ್ಲಿಂಗ್. ಆ ದುಡ್ಡು ಕೊಟ್ಟಿದ್ದು ಅಪ್ಪನ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. ತಮ್ಮ ಉಪನ್ಯಾಸ ಕೇಳಿ ಬಂದು ಎಲ್ಲ ಬರೆದಿಡುತ್ತಿದ್ದ. ಉಪಕರಣಗಳ ಚಿತ್ರ ಸರಿಯಾಗಿ ಬರಬೇಕಲ್ಲ? ರೀಬೋನ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಫ್ರೆಂಚ್ ಚಿತ್ರಕಾರನಿಂದ ಚಿತ್ರ ಬರೆಯುವುದನ್ನೂ ಕಲಿತ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಕೊಡುತ್ತಿದ್ದ 4 ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಫ್ಯಾರಡೆ ಕೇಳಿಸಿಕೊಂಡದ್ದನ್ನೆಲ್ಲ ಅಂದವಾಗಿ ಬರೆದು, ಚಿತ್ರ ಹಾಕಿ, 300ಕ್ಕೂ ಹೆಚ್ಚು ಪುಟಗಳ ಪುಸ್ತಕ ಮಾಡಿ, ತಾನೇ ಬೈಂಡ್ ಮಾಡಿ, ವರ್ಷದ ಕೊನೆಗೆ ಡೇವಿಗೇ ಕಳಿಸಿದ. ಈಗಿನ ಲೆಕ್ಕದಲ್ಲಿ ಅದು ಅವನ ರೆಸ್ಯೂಮೆ. ತನಗೆ ಇಂಥಿಂಥ ಗುಣ ಇದೆ ಅಂತ ಅದರಲ್ಲಿ ಹೇಳಿಕೊಂಡಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಗಮನ, ಕ್ರಮ, ಕೈಚಳಕ ಮೂರೂ ಆ ಪುಸ್ತಕದಲ್ಲೇ ಕಾಣುತ್ತಿದ್ದವು.

ಡೇವಿಗೆ ಸಂತೋಷವಾಯಿತು. ಆದರೂ ಬೈಂಡಿಂಗ್ ಬಿಡಬೇಡಪ್ಪ, ವಿಜ್ಞಾನದಲ್ಲಿ ದುಡ್ಡಿಲ್ಲ ಎಂಬರ್ಥದ ಬುದ್ಧಿವಾದ ಹೇಳಿದ. ಅದೃಷ್ಟ ಒಂದು ಹೊಡೆದಾಟದ ರೂಪದಲ್ಲಿ ಬಂತು. ಪ್ರಯೋಗಶಾಲೆಯ ಸಹಾಯಕ ಯಾರ ಮೇಲೋ ಕೈ ಮಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಫ್ಯಾರಡೆ ಬಂದ. ವಾರಕ್ಕೆ 25 ಶಿಲ್ಲಿಂಗ್, ಮೇಲೆ ಎರಡು ಕೋಣೆ, ಇದ್ದಿಲು, ಮೋಂಬತ್ತಿ. ಅದೇ ವರ್ಷ ಡೇವಿಯ ಜೊತೆ ಯುರೋಪ್ ಪ್ರವಾಸ ಹೋದಾಗ ಡೇವಿಯ ಹೆಂಡತಿ ಅವನನ್ನು ಆಳಿನಂತೆ ನಡೆಸಿಕೊಂಡಳು, ವಾಪಸ್ ಹೋಗಿಬಿಡೋಣ ಅನ್ನಿಸುವಷ್ಟು ಬೇಸರವಾಯಿತು. ಆದರೆ ಪ್ಯಾರಿಸ್‌ನಲ್ಲಿ ಆಂಪಿಯರ್‌ನನ್ನು, ಮಿಲಾನ್‌ನಲ್ಲಿ ವೋಲ್ಟಾನನ್ನು ಕಂಡದ್ದೂ ಅದೇ ಪ್ರವಾಸದಲ್ಲಿ.

ತನ್ನ ಕೊರತೆಗಳ ವಿಷಯದಲ್ಲಿ ಅವನು ಮಾಡಿದ ವಿಂಗಡಣೆ ನನಗೆ ತುಂಬ ಇಷ್ಟ. ಕಾಗುಣಿತ, ವ್ಯಾಕರಣ ಸರಿ ಇರಲಿಲ್ಲ. ಗೆಳೆಯರ ಹತ್ತಿರ ತಿದ್ದಿಸಿಕೊಂಡ. ಸಭೆಯಲ್ಲಿ ಮಾತಾಡುವುದು ಸಲೀಸಾಗಿರಲಿಲ್ಲ. ದುಡ್ಡು ಕೊಟ್ಟು ಮಾತುಗಾರಿಕೆಯ ಪಾಠ ಹೇಳಿಸಿಕೊಂಡ. ಬೇರೆ ಉಪನ್ಯಾಸಕರು ಹೇಗೆ ನಿಲ್ಲುತ್ತಾರೆ, ಸಭಾಂಗಣಕ್ಕೆ ಗಾಳಿ ಹೇಗೆ ಬರಬೇಕು ಎಂಬುದನ್ನೂ ಬರೆದಿಟ್ಟುಕೊಂಡ. ಮುಂದೆ ತಾನು ವೇದಿಕೆ ಹತ್ತಿದಾಗ ಮಾತಿನ ವೇಗ ಏರಿದರೆ ನೆನಪಿಸಲಿ ಅಂತ, ನಿಧಾನ ಎಂದು ಬರೆದ ಚೀಟಿಯನ್ನು ಎದುರಿಗೆ ಇಡಿಸಿಕೊಳ್ಳುತ್ತಿದ್ದ. ಇಂಥವನು ಮನಸ್ಸು ಮಾಡಿದ್ದರೆ ಗಣಿತಕ್ಕೂ ಒಬ್ಬ ಮೇಷ್ಟ್ರನ್ನು ಹುಡುಕಿಕೊಳ್ಳಬಹುದಿತ್ತು ಅಲ್ವಾ? ಹುಡುಕಲಿಲ್ಲ. ಕಣ್ಣಿಗೆ ಕಾಣುವುದನ್ನು, ಕೈಯಲ್ಲಿ ಮಾಡಬಹುದಾದ್ದನ್ನು ಹಿಡಿದೇ ತನ್ನ ಯೋಚನೆ ಓಡುತ್ತೆ ಅಂತ ಅವನಿಗೆ ಗೊತ್ತಿತ್ತು. ಉಪನ್ಯಾಸ ಕೊಡೋಕೆ ಬರದಿದ್ದರೆ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸೋಕಾಗಲ್ಲ, ಅದನ್ನು ಕಲಿಯಲೇಬೇಕು. ಗಣಿತ ಇಲ್ಲದಿದ್ದರೂ ನೋಡುವುದು ನಿಲ್ಲಲ್ಲ. ಇದನ್ನು ಎಲ್ಲರೂ ಅನುಸರಿಸಬಹುದು ಅಂತ ಹೇಳೋ ಧೈರ್ಯ ನನಗಿಲ್ಲ, ಎಂ-ತ್ರೀ ಬ್ಯಾಕ್‌ಲಾಗ್ ಇರುವವರಂತೂ ದಯವಿಟ್ಟು ಇದನ್ನು ನೆಪ ಮಾಡಿಕೊಳ್ಳಬೇಡಿ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ತೋರಿಸಿದ. ಯುರೋಪೆಲ್ಲ ಅದರ ಬೆನ್ನು ಬಿತ್ತು. ಒಂದು ಪತ್ರಿಕೆಯವರು ಈ ಬಗ್ಗೆ ಸಮೀಕ್ಷೆ ಬರೆದುಕೊಡು ಅಂತ ಫ್ಯಾರಡೆಯನ್ನು ಕೇಳಿದರು. ಬೇರೆಯವರಾಗಿದ್ದರೆ ಲೇಖನಗಳನ್ನು ಓದಿ ಬರೆದುಕೊಡುತ್ತಿದ್ದರು. ಇವನು ಅವರಿವರು ಮಾಡಿದ ಪ್ರಯೋಗಗಳನ್ನೆಲ್ಲ ತಾನೂ ಒಂದೊಂದಾಗಿ ಮಾಡಿದ. ಹಾಗೆ ಮಾಡುತ್ತಾ 1821ರ ಸೆಪ್ಟೆಂಬರ್‌ನಲ್ಲಿ, ಪಾದರಸದ ಬಟ್ಟಲಲ್ಲಿ ನಿಂತ ಅಯಸ್ಕಾಂತದ ಸುತ್ತ ತಂತಿ ಗಿರಗಿರ ಸುತ್ತುವುದನ್ನು ಕಂಡ. ಮೋಟಾರಿನ ಮೊದಲ ರೂಪ ಅದು. ವೊಲಾಸ್ಟನ್ ಎಂಬ ಹಿರಿಯರ ಆಲೋಚನೆ ಕದ್ದ ಅನ್ನೋ ಅಪವಾದ ಬಂತು. 1824ರಲ್ಲಿ ರಾಯಲ್ ಸೊಸೈಟಿಗೆ ಅವನ ಆಯ್ಕೆಯಾಗುವಾಗ ಅದನ್ನು ವಿರೋಧಿಸಿದವನು ಅಧ್ಯಕ್ಷನಾಗಿದ್ದ ಡೇವಿ! ಶಿಷ್ಯನನ್ನು ಮೊದಲು ಗುರುತಿಸಿದವನಿಗೇ ಶಿಷ್ಯ ಬೆಳೆದಾಗ ಸಹಿಸೋದು ಕಷ್ಟವಾಯಿತೇನೋ.

ಆಮೇಲಿನ ವರ್ಷಗಳಲ್ಲಿ ನಡೆದದ್ದು ಕೆಲಸ ಮಾಡುವ ಯಾರಿಗಾದರೂ ಅರ್ಥವಾಗುವ ಕತೆ. ದೂರದರ್ಶಕಗಳಿಗೆ ಒಳ್ಳೆಯ ಗಾಜು ಬೇಕು, ಬವೇರಿಯಾದವರು ಇದರಲ್ಲಿ ನಮಗಿಂತ ಮುಂದಿದ್ದಾರೆ ಅಂತ ಒಂದು ಸಮಿತಿಯಾಯಿತು. ಗಾಜು ಕಾಯಿಸುವ ಕೆಲಸ ಫ್ಯಾರಡೆಯ ತಲೆಗೆ ಬಿತ್ತು. ಅವನ ಕೈ ಚೆನ್ನಾಗಿದೆ, ಆದ್ದರಿಂದ ಅವನೇ ಮಾಡಲಿ. ಕುಶಲ ಕೈ ಇರುವವನಿಗೆ ಯಾವಾಗಲೂ ಇದೇ ಅಪಾಯ. ವರ್ಷಗಟ್ಟಲೆ ಕುಲುಮೆಯ ಮುಂದೆ ಕಳೆದುಹೋಯಿತು. ಭಾರವಾದ ಸೀಸದ ಗಾಜೇನೋ ಬಂತು, ದೂರದರ್ಶಕಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಡೇವಿ 1829ರಲ್ಲಿ ತೀರಿಕೊಂಡ. 1831ರ ಬೇಸಿಗೆಯಲ್ಲಿ ಫ್ಯಾರಡೆ ಇನ್ನು ಗಾಜಿನ ಕೆಲಸ ಸಾಕು ಅಂತ ಸಮಿತಿಗೆ ತಿಳಿಸಿದ.

ಎರಡು ತಿಂಗಳೊಳಗೆ, ಆಗಸ್ಟ್ 29ರಂದು, ಅವನ ಮೇಜಿನ ಮೇಲೆ ಒಂದು ಕಬ್ಬಿಣದ ಬಳೆ ಇತ್ತು. ಸುಮಾರು 6 ಅಂಗುಲ ಅಗಲ. ಹೊದಿಕೆ ಹಾಕಿದ ತಂತಿ ಈಗಿನಂತೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತಂತಿಯ ಸುತ್ತು ಸುತ್ತಿನ ನಡುವೆ ದಾರ, ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಬಟ್ಟೆ ಇಟ್ಟು ಕೈಯಲ್ಲೇ ಸುತ್ತಬೇಕು. ದಾರ, ಬಟ್ಟೆ, ಸಾಲು ತಪ್ಪದೆ ಬಿಗಿಯಾಗಿ ಸುತ್ತುವುದು: ಬೈಂಡಿಂಗ್ ಅಂಗಡಿಯಲ್ಲಿ ಪಳಗಿದ ಕೈ ಇದು. ಒಂದು ಬದಿಯ ಸುರುಳಿಗೆ ಬ್ಯಾಟರಿ, ಇನ್ನೊಂದು ಬದಿಯ ಸುರುಳಿಯಿಂದ ಬಂದ ತಂತಿಯ ಹತ್ತಿರ ಕಾಂತದ ಮುಳ್ಳು. ಬ್ಯಾಟರಿ ಜೋಡಿಸಿದಾಗ ಮುಳ್ಳು ಒಂದು ಕ್ಷಣ ಅಲುಗಿ ಮತ್ತೆ ನಿಂತಿತು. ಕರೆಂಟು ಹರಿಯುತ್ತಲೇ ಇದೆ, ಮುಳ್ಳು ಮಾತ್ರ ಸುಮ್ಮನಿದೆ. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಅಲುಗಿತು. ಇದೇ ಹುಡುಕಾಟದಲ್ಲಿದ್ದ ಜಿನೀವಾದ ಕೊಲಡಾನ್, ಅಯಸ್ಕಾಂತದ ಪ್ರಭಾವ ತಗಲದಿರಲಿ ಅಂತ ಗ್ಯಾಲ್ವನೋಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟು, ನಡೆದು ಹೋಗಿ ನೋಡುವಷ್ಟರಲ್ಲಿ ಮುಳ್ಳು ನಿಂತುಹೋಗಿರುತ್ತಿತ್ತು ಎಂಬ ಕತೆ ಪ್ರಸಿದ್ಧ. ಫ್ಯಾರಡೆ ಆ ಸಣ್ಣ ಅಲುಗಾಟವನ್ನು ಗದ್ದಲವೆಂದು ತಳ್ಳಿಹಾಕಲಿಲ್ಲ. ಅಕ್ಟೋಬರ್‌ನಲ್ಲಿ ಸುರುಳಿಯೊಳಗೆ ಅಯಸ್ಕಾಂತವನ್ನು ನೂಕಿ ತೆಗೆದು ಕರೆಂಟು ಹುಟ್ಟಿಸಿದ, ತಿಂಗಳ ಕೊನೆಗೆ ದೊಡ್ಡ ಅಯಸ್ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿರಂತರವಾಗಿ ಕರೆಂಟು ಬರುವಂತೆ ಮಾಡಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು ಹುಟ್ಟಿದ್ದೂ ಈ ತತ್ವದಿಂದಲೇ.

ಕೆಲಸಗಳ ಆಹ್ವಾನ ಬಂದೇ ಬರುತ್ತಿದ್ದವು. ಲಂಡನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪೀಠ 1827ರಲ್ಲೇ ಬಂದಿತ್ತು, ಬೇಡ ಅಂದ. ಕಂಪನಿಗಳಿಗೆ ರಾಸಾಯನಿಕ ಪರೀಕ್ಷೆ ಮಾಡಿಕೊಟ್ಟರೆ ಕೈತುಂಬ ದುಡ್ಡು, ಅದನ್ನೂ ಕ್ರಮೇಣ ಬಿಟ್ಟ. ಸರ್ ಪದವಿ ಬೇಡ, ಮುಂದೆ ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯೂ ಬೇಡ. ದೀಪಸ್ತಂಭಗಳ ಸಲಹೆಗಾರನ ಕೆಲಸವನ್ನು ಮಾತ್ರ ಒಪ್ಪಿಕೊಂಡ, ಯಾಕಂದ್ರೆ ಅಲ್ಲಿ ದೀಪ, ಗಾಜು, ಹೊಗೆ ಅಂತ ಕೈಯಿಟ್ಟು ನೋಡುವ ಕೆಲಸವಿತ್ತು. ದೀಪದ ಹೊಗೆ ಹೊರಹೋಗುವಂಥ ಒಂದು ಚಿಮಣಿಯನ್ನು ಅಲ್ಲಿಗಾಗಿ ರೂಪಿಸಿದ. ಅದರ ಪೇಟೆಂಟ್ ಪಡೆದದ್ದು ಅಣ್ಣ ರಾಬರ್ಟ್, ಹಿಂದೆ 1 ಶಿಲ್ಲಿಂಗ್ ಕೊಟ್ಟವನು.

ನಡುವಯಸ್ಸಿಗೆ ಮರೆವು ಕಾಡತೊಡಗಿತು. 1840ರ ಆಸುಪಾಸಿನಲ್ಲಿ ಕೆಲವು ವರ್ಷ ಹೆಚ್ಚೇನೂ ಕೆಲಸ ಮಾಡಲಾಗಲಿಲ್ಲ. ಪ್ರಯೋಗದ ದಿನಚರಿಯಲ್ಲಿ ಪ್ರತಿ ಪ್ಯಾರಾಕ್ಕೂ ನಂಬರ್ ಹಾಕುವ ಅಭ್ಯಾಸ ಅವನಿಗೆ ಮೊದಲಿಂದ ಇತ್ತು. ಆ ನಂಬರ್ ಕೊನೆಗೆ 16,000 ದಾಟಿತು. ತಲೆಯಲ್ಲಿ ಉಳಿಯದ್ದು ಆ ಪುಸ್ತಕಗಳಲ್ಲಿ ಉಳಿಯಿತು.

1845ರಲ್ಲಿ ಚೇತರಿಸಿಕೊಂಡು, ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವ ಇದೆಯಾ ಅಂತ ನೋಡತೊಡಗಿದ. ಹಲವು ಪಾರದರ್ಶಕ ವಸ್ತುಗಳನ್ನಿಟ್ಟು ನೋಡಿದ, ಏನೂ ಇಲ್ಲ. ಸೆಪ್ಟೆಂಬರ್ 13ರಂದು ಕಪಾಟಿನಲ್ಲಿದ್ದ ಆ ಹಳೇ ಸೀಸದ ಗಾಜನ್ನು, ವರ್ಷಗಟ್ಟಲೆ ದಂಡವಾಯಿತು ಅಂದುಕೊಂಡ ಆ ಗಾಜನ್ನೇ, ಅಯಸ್ಕಾಂತದ ಧ್ರುವಗಳ ಹತ್ತಿರ ಇಟ್ಟ. ಅದರೊಳಗೆ ಹಾಯ್ದ ಧ್ರುವೀಕೃತ ಬೆಳಕಿನ ತಲ ತಿರುಗಿತು. ಬೆಳಕಿಗೂ ಕಾಂತಕ್ಕೂ ನಂಟಿದೆ ಅನ್ನೋದಕ್ಕೆ ಮೊದಲ ಸಾಕ್ಷಿ.

ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಇಟ್ಟಾಗ ಮೂಡುವ ಗೆರೆಗಳನ್ನು ನಾವೂ ನೋಡಿದ್ದೇವೆ. ಫ್ಯಾರಡೆಗೆ ಆ ಬಲರೇಖೆಗಳು ಜಾಗವನ್ನೆಲ್ಲ ತುಂಬಿದ ನಿಜವಾದ ಸಂಗತಿಗಳು. ಗಣಿತಜ್ಞರಿಗೆ ಅದು ಅಷ್ಟಾಗಿ ರುಚಿಸಲಿಲ್ಲ, ಸೂತ್ರವಿಲ್ಲದ ಚಿತ್ರ ಅಂತ. 20ರ ಹರೆಯದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮಾತ್ರ ಬೇರೆ ಗಣಿತ ಓದುವ ಮುಂಚೆ ಫ್ಯಾರಡೆಯನ್ನೇ ಮೊದಲು ಓದಬೇಕು ಅಂತ ಕೂತು, ಆ ಗೆರೆಗಳಿಗೆ ಗಣಿತ ಬರೆದ. 1857ರಲ್ಲಿ ಆ ಲೇಖನ ಕೈಗೆ ಬಂದಾಗ 65 ವರ್ಷದ ಫ್ಯಾರಡೆಗೆ ಅಷ್ಟೊಂದು ಗಣಿತ ನೋಡಿ ಮೊದಲು ಗಾಬರಿಯಾಯಿತು, ಆಮೇಲೆ ತನ್ನ ವಿಷಯ ಅದನ್ನು ತಡೆದುಕೊಂಡಿತಲ್ಲ ಅಂತ ಆಶ್ಚರ್ಯ. ಅದೇ ವರ್ಷ ಮ್ಯಾಕ್ಸ್‌ವೆಲ್‌ಗೆ ಪತ್ರ ಬರೆದು, ನೀವು ಗಣಿತದವರು ಕಂಡುಕೊಂಡದ್ದನ್ನು ನಮ್ಮಂಥವರು ಪ್ರಯೋಗ ಮಾಡಿ ನೋಡುವ ಹಾಗೆ ಸಾಮಾನ್ಯ ಭಾಷೆಯಲ್ಲೂ ಬರೆಯಬಹುದಲ್ಲವೇ ಎಂದು ಕೇಳಿದ.

1862ರ ಮಾರ್ಚ್‌ನಲ್ಲಿ, 70 ದಾಟಿದ ಮೇಲೆ, ಜ್ವಾಲೆಯನ್ನು ಅಯಸ್ಕಾಂತದ ನಡುವೆ ಇಟ್ಟರೆ ಅದರ ಬೆಳಕಿನ ರೇಖೆಗಳು ಬದಲಾಗುತ್ತವಾ ಅಂತ ನೋಡಿದ. ಏನೂ ಕಾಣಲಿಲ್ಲ ಅಂತ ದಿನಚರಿಯಲ್ಲಿ ಬರೆದ. ಅವನ ಕೊನೆಯ ಪ್ರಯೋಗ ಅದೇ. 1867ರ ಆಗಸ್ಟ್ 25ರಂದು ತೀರಿಕೊಂಡ. ಹಾಲೆಂಡಿನ ಪೀಟರ್ ಝೀಮಾನ್ ಈ ವಿಫಲ ಪ್ರಯೋಗದ ಬಗ್ಗೆ ಓದಿ, ಫ್ಯಾರಡೆಯಂಥವನು ಯೋಚಿಸಿದ್ದಾನೆ ಅಂದ್ರೆ ಇನ್ನೊಮ್ಮೆ ನೋಡುವುದು ಒಳ್ಳೇದು ಅಂತ, 1896ರಲ್ಲಿ ಇನ್ನೂ ಒಳ್ಳೆಯ ಉಪಕರಣ ಇಟ್ಟುಕೊಂಡು ಅದನ್ನೇ ಮಾಡಿದ. ರೇಖೆಗಳು ಅಗಲವಾದವು.