ಮೂರ್ಛೆರೋಗ ಶಸ್ತ್ರಚಿಕಿತ್ಸೆಯ ಪ್ರವರ್ತಕ ಡಾ. ವೈಲ್ಡರ್ ಪೆನ್‌ಫೀಲ್ಡ್ (1891–1976)

ಮೂರ್ಛೆರೋಗದ ಚಿಕಿತ್ಸೆಯಲ್ಲಿಯೂ ಮಾನವ ಮೆದುಳಿನ ನಕ್ಷೆಯ ರಚನೆಯಲ್ಲಿಯೂ ಜಗತ್ಪ್ರಸಿದ್ಧರಾದ ಡಾ. ವೈಲ್ಡರ್ ಪೆನ್‌ಫೀಲ್ಡ್ ಅವರು ದಿನಾಂಕ 26-1-1891ರಂದು ಅಮೆರಿಕದ ಸ್ಪೋಕೇನ್ ನಗರದಲ್ಲಿ ಜನಿಸಿದರು. 1913ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ನೆರವಿನಿಂದ ಆಕ್ಸ್‌ಫರ್ಡ್‌ಗೆ ತೆರಳಿ, ನರಮಂಡಲದ ತಜ್ಞ ಚಾರ್ಲ್ಸ್ ಶೆರಿಂಗ್ಟನ್ ಅವರ ಶಿಷ್ಯರಾದರು. 1916ರಲ್ಲಿ ಅವರು ಪ್ರಯಾಣಿಸುತ್ತಿದ್ದ ಸಸೆಕ್ಸ್ ಹಡಗು ಜರ್ಮನ್ ಟಾರ್ಪೆಡೊ ದಾಳಿಗೆ ತುತ್ತಾಗಿ, ತೀವ್ರವಾಗಿ ಗಾಯಗೊಂಡರು. ಚೇತರಿಸಿಕೊಂಡು 1918ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಪದವಿ ಪಡೆದರು.

ನ್ಯೂಯಾರ್ಕಿನಲ್ಲಿ ಶಸ್ತ್ರವೈದ್ಯರಾಗಿದ್ದಾಗ ಮೂರ್ಛೆರೋಗಕ್ಕೆ ಮೆದುಳಿನಲ್ಲಿ ಉಳಿದ ಹಳೆಯ ಗಾಯದ ಕಲೆಯೂ ಕಾರಣವಾಗಬಲ್ಲದು ಎಂಬ ವಿಷಯವು ಅವರನ್ನು ಸೆಳೆಯಿತು. 1924ರಲ್ಲಿ ಮ್ಯಾಡ್ರಿಡ್‌ಗೆ ತೆರಳಿ ಮೆದುಳಿನ ಜೀವಕೋಶಗಳಿಗೆ ಬಣ್ಣ ಹಾಕಿ ಪರೀಕ್ಷಿಸುವ ವಿಧಾನವನ್ನು ಕಲಿತರು. 1928ರಲ್ಲಿ ಬ್ರೆಸ್ಲೌ ನಗರದ ಒಟ್‌ಫ್ರಿಡ್ ಫೋರ್ಸ್ಟರ್ ಅವರ ಬಳಿ, ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರ ಮೆದುಳಿನ ಕಲೆಯನ್ನು ತೆಗೆದು ಮೂರ್ಛೆಯನ್ನು ತಡೆಯುವ ಶಸ್ತ್ರಚಿಕಿತ್ಸೆಯನ್ನು ಅಭ್ಯಸಿಸಿದರು. ಅದೇ ವರ್ಷ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನೆಲೆಸಿದರು.

ಅಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಕಠಿಣ ಪರೀಕ್ಷೆಯೊಂದು ಎದುರಾಯಿತು. ಹಲವು ವರ್ಷಗಳಿಂದ ಮೂರ್ಛೆಯಿಂದ ಬಳಲುತ್ತಿದ್ದ ಅವರ ಸಹೋದರಿ ರೂತ್ ಅವರ ಮೆದುಳಿನಲ್ಲಿ ಗೆಡ್ಡೆ ಇರುವುದು ಪತ್ತೆಯಾಯಿತು. ಪೆನ್‌ಫೀಲ್ಡ್ ಅವರೇ ಶಸ್ತ್ರಚಿಕಿತ್ಸೆ ನಡೆಸಿದರು. ಗೆಡ್ಡೆಯನ್ನು ಪೂರ್ಣವಾಗಿ ತೆಗೆಯಲು ಸಾಧ್ಯವಾಗಲಿಲ್ಲ. ಆಕೆ ಮನೆಗೆ ಮರಳಿ ಮಕ್ಕಳನ್ನು ನೋಡಿಕೊಂಡರಾದರೂ, ಅತಿಥಿಗೆ ಅಡುಗೆ ಸಿದ್ಧಪಡಿಸುವಾಗ ಯಾವುದನ್ನು ಮೊದಲು, ಯಾವುದನ್ನು ನಂತರ ಮಾಡಬೇಕೆಂದು ತೋಚದೆ ಕಂಗೆಟ್ಟರು. ತಮ್ಮನಾಗಿ ನೊಂದರೂ ವಿಜ್ಞಾನಿಯಾಗಿ ಪೆನ್‌ಫೀಲ್ಡ್ ಇದನ್ನು ದಾಖಲಿಸಿದರು. ಮೆದುಳಿನ ಮುಂಭಾಗದ ಕಾರ್ಯವನ್ನು ಅರಿಯಲು ಈ ದಾಖಲೆ ನೆರವಾಯಿತು. ರೂತ್ 1931ರಲ್ಲಿ ನಿಧನರಾದರು.

ನರರೋಗಗಳಿಗಾಗಿಯೇ ಒಂದು ಸಂಸ್ಥೆ ಇರಬೇಕೆಂಬ ಅವರ ಹಂಬಲವು ರಾಕ್‌ಫೆಲ್ಲರ್ ಪ್ರತಿಷ್ಠಾನದ ಸುಮಾರು 12 ಲಕ್ಷ ಡಾಲರುಗಳ ನೆರವಿನಿಂದ 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯಾಗಿ ಕೈಗೂಡಿತು. ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನ್‌ಗಳು ಇಲ್ಲದ ಕಾಲವದು. ಮೂರ್ಛೆ ಎಲ್ಲಿಂದ ಹುಟ್ಟುತ್ತದೆಂಬುದನ್ನು ರೋಗಿಯಿಂದಲೇ ತಿಳಿಯಬೇಕಾಗಿತ್ತು. ಮೆದುಳಿಗೆ ನೋವಿನ ಅನುಭವ ಇರುವುದಿಲ್ಲ. ಆದ್ದರಿಂದ ತಲೆಯ ಚರ್ಮಕ್ಕೆ ಮಾತ್ರ ಅರಿವಳಿಕೆ ನೀಡಿ, ರೋಗಿಯು ಎಚ್ಚರವಾಗಿರುವಂತೆಯೇ ಮೆದುಳಿನ ಹೊರಪದರವನ್ನು ಮಂದ ವಿದ್ಯುತ್ತಿನಿಂದ ಸ್ಪರ್ಶಿಸಲಾಗುತ್ತಿತ್ತು. ಒಂದೆಡೆ ಮುಟ್ಟಿದರೆ ಹೆಬ್ಬೆರಳು ಅಲುಗುತ್ತಿತ್ತು, ಮತ್ತೊಂದೆಡೆ ತುಟಿ ಜುಮ್ಮೆನ್ನುತ್ತಿತ್ತು, ಇನ್ನೊಂದೆಡೆ ಮಾತು ನಿಲ್ಲುತ್ತಿತ್ತು. ಪ್ರತಿ ಸ್ಥಳದ ಮೇಲೆ ಸಂಖ್ಯೆ ಬರೆದ ಪುಟ್ಟ ಕಾಗದದ ಚೂರನ್ನಿರಿಸಿ ಛಾಯಾಚಿತ್ರ ತೆಗೆಯಲಾಗುತ್ತಿತ್ತು. ಮಾತು ಮತ್ತು ಚಲನೆಯ ಭಾಗಗಳನ್ನು ಉಳಿಸಿ, ರೋಗಪೀಡಿತ ಭಾಗವನ್ನಷ್ಟೇ ತೆಗೆಯುವುದು ಇದರ ಉದ್ದೇಶ. ಈ ದಾಖಲೆಗಳಿಂದಲೇ 1937ರಲ್ಲಿ ದೇಹದ ಅಂಗಾಂಗಗಳ ಮೆದುಳಿನ ನಕ್ಷೆ ಪ್ರಕಟವಾಯಿತು. ಇ.ಇ.ಜಿ. ತಜ್ಞ ಹರ್ಬರ್ಟ್ ಜಾಸ್ಪರ್ ಅವರು ಸಂಸ್ಥೆಯನ್ನು ಸೇರಿದ ಮೇಲೆ ರೋಗದ ಮೂಲವನ್ನು ಗುರುತಿಸುವುದು ಇನ್ನಷ್ಟು ಖಚಿತವಾಯಿತು.

ಟೆಂಪೊರಲ್ ಲೋಬ್ ಎಂಬ, ಕಿವಿಯ ಸಮೀಪದ ಭಾಗವನ್ನು ಸ್ಪರ್ಶಿಸಿದಾಗ ಕೆಲವರಿಗೆ ಹಿಂದೆ ಕೇಳಿದ ಹಾಡು, ಕಂಡ ದೃಶ್ಯ ಮರುಕಳಿಸಿದಂತಾಯಿತು. ಇದರಿಂದ ಮೆದುಳು ಎಲ್ಲವನ್ನೂ ಧ್ವನಿಮುದ್ರಿಕೆಯಂತೆ ಕೂಡಿಡುತ್ತದೆ ಎಂಬ ಭಾವನೆ ಜನಸಾಮಾನ್ಯರಲ್ಲಿ ಹರಡಿತು. ಆದರೆ 1963ರ ವರದಿಯಂತೆ, ಹೀಗೆ ಪರೀಕ್ಷಿಸಿದ 520 ರೋಗಿಗಳ ಪೈಕಿ 40 ಮಂದಿಗೆ ಮಾತ್ರ ಈ ಅನುಭವವಾಗಿತ್ತು.

ಶಸ್ತ್ರಚಿಕಿತ್ಸೆಯಿಂದ ಹಾನಿಯೂ ಆದದ್ದುಂಟು. 1950ರ ದಶಕದಲ್ಲಿ ಇಬ್ಬರು ರೋಗಿಗಳು ಹೊಸ ವಿಷಯಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡರು. ಪೆನ್‌ಫೀಲ್ಡ್ ಇದನ್ನು ಮುಚ್ಚಿಡದೆ, ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರೊಡನೆ ಅಧ್ಯಯನ ನಡೆಸಿ ಪ್ರಕಟಿಸಿದರು. ಮೆದುಳಿನ ಇನ್ನೊಂದು ಪಾರ್ಶ್ವವೂ ಮೊದಲೇ ಹಾನಿಗೊಂಡಿರಬೇಕೆಂದು ಅವರು ಊಹಿಸಿದ್ದರು. ಒಬ್ಬ ರೋಗಿಯು 1964ರಲ್ಲಿ ಮೃತಪಟ್ಟ ನಂತರ ನಡೆದ ಪರೀಕ್ಷೆಯು ಅದನ್ನು ದೃಢಪಡಿಸಿತು. ಶಸ್ತ್ರಚಿಕಿತ್ಸೆಗೆ ಮುನ್ನ ಎರಡೂ ಪಾರ್ಶ್ವಗಳ ನೆನಪಿನ ಶಕ್ತಿಯನ್ನು ಪರೀಕ್ಷಿಸುವ ಕ್ರಮವು ಬಳಕೆಗೆ ಬಂದದ್ದು ಇಂತಹ ಅನುಭವಗಳಿಂದ.

ಇವರಲ್ಲಿ ತರಬೇತಿ ಪಡೆದ ಡಾ. ಜೇಕಬ್ ಚಾಂಡಿ ಅವರು 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಭಾರತದಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯು 1952ರಲ್ಲಿ ಅಲ್ಲಿಯೇ ಮೊದಲಾಯಿತು.

1953ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವಕ್ಕೆ ಪಾತ್ರರಾದ ಪೆನ್‌ಫೀಲ್ಡ್ 1960ರಲ್ಲಿ ನಿರ್ದೇಶಕ ಹುದ್ದೆಯಿಂದ ನಿವೃತ್ತರಾದರು. ಬಳಿಕ ಬರವಣಿಗೆಯಲ್ಲಿ ತೊಡಗಿದ್ದ ಅವರು ದಿನಾಂಕ 5-4-1976ರಂದು ಮಾಂಟ್ರಿಯಲ್‌ನಲ್ಲಿ ನಿಧನ ಹೊಂದಿದರು.